ಕಪ್ಪೆಯ ಸಂಸಾರ

ಮೃಗಶಿರಾ ನಕ್ಷತ್ರದ ಮಳೆ ಹದವಾಗಿ ಸುರಿದ ರಾತ್ರಿ ನಮ್ಮ ಭಾಗದ ಹಳ್ಳಿಗಳಲ್ಲಿ ನಿದ್ದೆ ಹತ್ತುವುದು ಕಷ್ಟ. ಕಾಸಾರಶಿರಸಿಯಿರಲಿ, ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಬೇರಾವ ಊರೇ ಇರಲಿ, ಊರ ಹೊರಗಿನ ತಗ್ಗುಗಳಲ್ಲಿ ನೀರು ನಿಂತ ಕೆಲವೇ ಗಳಿಗೆಗಳಲ್ಲಿ ಕಪ್ಪೆಗಳ ಮೇಳ ಆರಂಭವಾಗಿ ಬೆಳಗಿನ ತನಕ ನಡೆಯುತ್ತದೆ. ಮರುದಿನ ಶಾಲೆಗೆ ಹೊರಟ ಮಕ್ಕಳು ತಗ್ಗಿನ ದಂಡೆಯಲ್ಲಿ ನಿಂತು ಕಣ್ತುಂಬ ನೋಡಿ, ಸಂಜೆ ಮನೆಗೆ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: “ಅವ್ವಾ, ಒಂದು ಕಪ್ಪಿ ಮ್ಯಾಲ ಇನ್ನೊಂದು ಕಪ್ಪಿ ಯಾಕ ಕುಂತದ?” ಅದಕ್ಕೆ ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: “ತಾಯಿ ಮಗನ್ನ ಹೊತ್ಕೊಂಡು ನಡದಾಳ. ನೀ ಮೊದಲ ಕೈಕಾಲು ತೊಳಕೋ.”

ಈ ಉತ್ತರ ತಪ್ಪಾದರೂ ತೀರ ಕುರುಡಾದುದಲ್ಲ. ಮೇಲೆ ಕುಳಿತಿರುವುದು ಚಿಕ್ಕದು, ಕೆಳಗಿರುವುದು ದೊಡ್ಡದು ಎಂಬುದನ್ನು ತಾಯಂದಿರ ಕಣ್ಣು ಸರಿಯಾಗಿಯೇ ಗುರುತಿಸಿದೆ. ಆದರೆ ಮೇಲಿರುವುದು ಮಗನಲ್ಲ, ಗಂಡ. ಕಪ್ಪೆಗಳ ಬಹುತೇಕ ಜಾತಿಗಳಲ್ಲಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಸಾವಿರಾರು ಮೊಟ್ಟೆಗಳನ್ನು ಹೊರಬೇಕಾದ ಒಡಲು ದೊಡ್ಡದಿರಲೇಬೇಕಷ್ಟೆ. ಈ ಪುಟವನ್ನು ಮನೆಯ ಹಿರಿಯರೂ ಕಿರಿಯರೂ ಓದುತ್ತಾರೆಂಬುದನ್ನು ನಾವು ಮರೆತಿಲ್ಲ. ಮರೆಯದೆಯೇ ಹೇಳುತ್ತೇವೆ, ಮಗು ಕೇಳಿದಾಗ ನಿಜವನ್ನೇ ತಿಳಿಸಬಹುದು. ಕಪ್ಪೆಯ ದಾಂಪತ್ಯದಲ್ಲಿ ಮರೆಮಾಚಬೇಕಾದ ಸಂಗತಿ ಒಂದೂ ಇಲ್ಲ. ತಿಳಿದರೆ ಬೆರಗಾಗುವ ಸಂಗತಿಗಳು ಮಾತ್ರ ಬಹಳ ಇವೆ.

ಕಾಸಾರ ಎಂಬ ಶಬ್ದಕ್ಕೆ ಸಂಸ್ಕೃತ ನಿಘಂಟಿನಲ್ಲಿ ಕೊಳ, ಸರೋವರ ಎಂಬ ಅರ್ಥವುಂಟು. ಕಾಸಾರಶಿರಸಿಯ ಹೆಸರಿಗೂ ಈ ಅರ್ಥಕ್ಕೂ ನಂಟು ಹಚ್ಚುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ಬಳೆಗಾರ ಕಾಸಾರರು ಬೇಸರಿಸಿಯಾರು! ಆದರೆ ಕೊಳದ ಅರ್ಥವನ್ನು ಹೆಸರಿನಲ್ಲಿ ಹೊತ್ತ ಊರಿನ ಸುತ್ತಮುತ್ತ ನೀರು ನಿಲ್ಲುವುದು ವರ್ಷದಲ್ಲಿ ಕೆಲವೇ ತಿಂಗಳು. ಈ ಕೆಲವೇ ತಿಂಗಳುಗಳ ಮೇಲೆ ಕಪ್ಪೆಯ ವಂಶವೆಲ್ಲ ನಿಂತಿದೆ.

ಬೇಸಿಗೆಯಲ್ಲಿ ಇವೆಲ್ಲ ಎಲ್ಲಿದ್ದವು? ಮಳೆಯೊಡನೆ ಆಕಾಶದಿಂದ ಬಿದ್ದವೆಂದು ನಂಬುವವರು ಇಂದಿಗೂ ಇದ್ದಾರೆ. ಅವು ಬಿದ್ದದ್ದು ಮೇಲಿನಿಂದಲ್ಲ, ಎದ್ದದ್ದು ಕೆಳಗಿನಿಂದ. ನಮ್ಮ ಎರೆಭೂಮಿ ಚೈತ್ರ ವೈಶಾಖಗಳಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ಆ ಬಿರುಕುಗಳೂ, ಬದುವಿನ ಬಿಲಗಳೂ, ಹಳ್ಳದ ಒಣಗಿದ ಕೆಸರೂ ಕಪ್ಪೆಗಳಿಗೆ ಆಶ್ರಯ. ಬಿಲಗಪ್ಪೆಯೆಂಬ ಗುಂಡುದೇಹದ ಜಾತಿಗೆ ಹಿಂಗಾಲಿನ ಅಂಗಾಲಿನಲ್ಲಿ ಸಲಿಕೆಯ ಅಂಚಿನಂಥ ಗಟ್ಟಿಯಾದ ಉಬ್ಬು ಇದೆ. ಅದರಿಂದ ಮಣ್ಣನ್ನು ಹಿಂದಕ್ಕೆ ತಳ್ಳುತ್ತ, ಹಿಮ್ಮುಖವಾಗಿಯೇ ನೆಲದೊಳಗೆ ಇಳಿದುಹೋಗುತ್ತದೆ. ಉಣ್ಣದೆ, ಅಲುಗದೆ, ಉಸಿರಾಟವನ್ನೂ ಮಂದಗೊಳಿಸಿ ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತದೆ. ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತ ಕಪ್ಪೆಗಳನ್ನೇ ಕುರಿತದ್ದು. ವರ್ಷವೆಲ್ಲ ವ್ರತಸ್ಥರಂತೆ ಸುಮ್ಮನೆ ಮಲಗಿದ್ದು ಮಳೆ ಬಂದೊಡನೆ ದನಿಯೆತ್ತುವ ಈ ಜೀವಿಗಳನ್ನು ಅಂದಿನ ಋಷಿ ಎಷ್ಟು ಹತ್ತಿರದಿಂದ ನೋಡಿದ್ದನೆಂಬುದು ಅದರಿಂದ ತಿಳಿಯುತ್ತದೆ.

ಆದರೆ ಋಷಿಗೂ ಕಾಣದ ಒಂದು ಕೆಲಸ ಆ ಮೌನದ ಕಾಲದಲ್ಲಿ ಕಪ್ಪೆಯ ಒಡಲಿನೊಳಗೆ ನಡೆಯುತ್ತಿರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಹಾಗೂ ಅವರ ಸಂಗಡಿಗರು ದಶಕಗಳ ಕಾಲ ನಮ್ಮ ಕಪ್ಪೆಗಳ ಸಂತಾನಕ್ರಿಯೆಯನ್ನೇ ಅಭ್ಯಾಸ ಮಾಡಿದರು. ಹಳ್ಳ ಕೆರೆಗಳಲ್ಲಿ ನಾವು ದಿನವೂ ಕಾಣುವ ಕಪ್ಪೆಗಳನ್ನೇ ಆರಿಸಿಕೊಂಡ ಅಭ್ಯಾಸವಿದು. ಕನ್ನಡ ನಾಡಿನ ವಿಜ್ಞಾನದ ಮಾತು ಬಂದಾಗ ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲವೆಂದು ನಮ್ಮ ಅನಿಸಿಕೆ. ಕಪ್ಪೆಯ ಅಂಡಾಶಯಕ್ಕೆ ಹೊಂದಿಕೊಂಡು ಹಳದಿ ಬಣ್ಣದ, ಬೆರಳುಗಳಂತೆ ಚಾಚಿದ ಕೊಬ್ಬಿನ ಗೊಂಚಲುಗಳಿರುತ್ತವೆ. ಹಿಂದಿನ ಮಳೆಗಾಲದಲ್ಲಿ ಹೊಟ್ಟೆತುಂಬ ತಿಂದ ಹುಳುಹುಪ್ಪಟೆಗಳ ಸಾರವೆಲ್ಲ ಅಲ್ಲಿ ಕೂಡಿಟ್ಟಿರುತ್ತದೆ. ಬರುವ ವರ್ಷದ ಮೊಟ್ಟೆಗಳು ಬಲಿಯಲು ಈ ಗಂಟು ಕರಗಬೇಕು. ಹೊರಗೆ ನೆಲ ಕಾದ ಹೆಂಚಾಗಿರುವಾಗ ಒಳಗೆ ತಾಯಿಯ ಒಡಲು ಮಳೆಗೆ ಸಿದ್ಧವಾಗುತ್ತಿರುತ್ತದೆ. ರೈತನು ಬಿತ್ತನೆಯ ಬೀಜವನ್ನು ಗುಡಾಣದಲ್ಲಿಟ್ಟು ಕಾಯುವಂತೆಯೇ ಇದು.

ಮಳೆ ಬಾರದಿದ್ದರೆ? ಗೂಳಿಗಪ್ಪೆಯಂಥ, ಮಳೆಯನ್ನೇ ನಂಬಿದ ಜಾತಿಯ ಹೆಣ್ಣು ಒಣನೆಲದ ಮೇಲೆ ಮೊಟ್ಟೆಯಿಡುವುದಿಲ್ಲ. ಬಲಿತು ನಿಂತ ಮೊಟ್ಟೆಗಳು ಒಡಲಿನಲ್ಲಿಯೇ ಕುಗ್ಗಿ, ಒಡೆದು, ಕರಗಿ, ರಕ್ತಕ್ಕೆ ಸೇರಿಹೋಗುತ್ತವೆ. ಆ ವರ್ಷದ ಸಂತಾನವನ್ನು ತಾಯಿಯ ದೇಹವೇ ಮರಳಿ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಹಿರಿಯರು 1972ರ ಬರವನ್ನು ಇಂದಿಗೂ ನೆನೆಯುತ್ತಾರೆ. ಕಿರಿಯರಿಗೆ 2016ರ ಬೇಸಿಗೆಯ ನೆನಪಿದೆ. ಆಗ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ಒಣ ವರ್ಷಗಳಲ್ಲಿ ನೆಲದಡಿಯಲ್ಲಿ ಎಷ್ಟು ಒಡಲುಗಳು ಹೀಗೆ ಬರಿದಾದವೆಂದು ಲೆಕ್ಕವಿಟ್ಟವರಿಲ್ಲ. ಆದರೆ ತಾಯಿ ಬದುಕಿದ್ದರೆ ಮುಂದಿನ ಮಳೆಗೆ ಮತ್ತೆ ಸಿದ್ಧಳಾಗುತ್ತಾಳೆ. ಆ 2016ರಲ್ಲಿಯೇ ಮಳೆಗಾಲದ ಕೊನೆಗೆ ಲಾತೂರು ಭಾಗದಲ್ಲಿ ಹಳ್ಳಕೊಳ್ಳಗಳು ಹರಿಯುವಂತೆ ಮಳೆ ಸುರಿಯಿತೆಂಬುದನ್ನೂ ನಮ್ಮ ವಾಚಕರು ಬಲ್ಲರು.

ಇನ್ನು ಮೇಳದ ಮಾತು. ಕೂಗುವುದು ಗಂಡು, ಕೇಳಿ ಆರಿಸುವುದು ಹೆಣ್ಣು. ಗಂಡಿನ ಗಂಟಲ ಕೆಳಗಿನ ಚೀಲಗಳು ಗಾಳಿ ತುಂಬಿಕೊಂಡು ಉಬ್ಬಿ ದನಿಯನ್ನು ದೊಡ್ಡದು ಮಾಡುತ್ತವೆ. ಒಂದೊಂದು ಜಾತಿಗೆ ಒಂದೊಂದು ರಾಗ. ಕತ್ತಲೆಯಲ್ಲಿ, ಹತ್ತು ಜಾತಿಗಳು ಒಟ್ಟಿಗೆ ಗದ್ದಲವೆಬ್ಬಿಸಿದ ತಗ್ಗಿನಲ್ಲಿ, ಹೆಣ್ಣು ತನ್ನ ಜಾತಿಯ ದನಿಯನ್ನು ತಪ್ಪದೆ ಗುರುತಿಸಿ ಅತ್ತ ಸಾಗುತ್ತದೆ. ಈ ಕೂಗಿಗೆ ಬೆಲೆಯೂ ತೆರಬೇಕು. ಹೆಣ್ಣಿಗೆ ಕೇಳಿಸಿದ ಕೂಗು ಹಾವಿಗೂ ಗೂಗೆಗೂ ತಲುಪುತ್ತದೆ. ನಮ್ಮ ಕಡೆಯ ಗೂಳಿಗಪ್ಪೆಗಳಲ್ಲಿ ಗಂಡು ಈ ಕೆಲವು ದಿನಗಳ ಮಟ್ಟಿಗೆ ಬಣ್ಣವನ್ನೂ ಬದಲಿಸುತ್ತದೆ. ವರ್ಷವೆಲ್ಲ ಕೆಸರಿನ ಬಣ್ಣದಲ್ಲಿದ್ದದ್ದು ಮೊದಲ ದೊಡ್ಡ ಮಳೆಗೆ ನಿಂಬೆಹಣ್ಣಿನ ಹಳದಿಯಾಗಿ, ಗಂಟಲ ಚೀಲಗಳೆರಡು ಗಾಢ ನೀಲಿಯಾಗಿ ಹೊಳೆಯುತ್ತವೆ. ಅರಿಸಿನ ಹಚ್ಚಿಸಿಕೊಂಡ ಮದುಮಗನೇ ಸರಿ. ಹೆಣ್ಣು ಮಾತ್ರ ಹಳೆಯ ಸೀರೆಯಲ್ಲಿಯೇ ಬರುತ್ತದೆ.

ಮದುವೆಯ ಮಾತು ಬಂದದ್ದರಿಂದ ಇನ್ನೊಂದು ಮಾತು. ಮಳೆ ತಡವಾದರೆ ಕಪ್ಪೆಯನ್ನು ಮೊರೆಹೋಗುವ ವಾಡಿಕೆ ಎರಡೂ ಸೀಮೆಗಳಲ್ಲಿ ಇದೆ. ಮರಾಠವಾಡದ ಹಳ್ಳಿಗಳಲ್ಲಿ ಬೇವಿನ ಸೊಪ್ಪು ಸುತ್ತಿಕೊಂಡ ಹುಡುಗರು ಧೋಂಡಿಯ ಹಾಡು ಹೇಳುತ್ತ ಮನೆಮನೆಗೆ ಬಂದು ನೀರು ಸುರಿಸಿಕೊಳ್ಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಗುರ್ಜಿಯ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ತಿರುಗುತ್ತಾರೆ. ಕೆಲವೆಡೆ ಕಪ್ಪೆಗಳ ಲಗ್ನವನ್ನೇ ಮಾಡಿಸುತ್ತಾರೆ. 2019ರ ಜೂನ್ ತಿಂಗಳಿನಲ್ಲಿ ಉಡುಪಿಯಲ್ಲಿ ಅಂಥ ಲಗ್ನ ನಡೆಯಿತು. ಅದೇ ವರ್ಷ ಭೋಪಾಲದಲ್ಲಿ ಲಗ್ನ ಮಾಡಿಸಿದ ಮೇಲೆ ಮಳೆ ಹೆಚ್ಚಾಗಿ, ಸೆಪ್ಟೆಂಬರಿನಲ್ಲಿ ಆ ದಂಪತಿಗಳಿಗೆ ವಿಚ್ಛೇದನವನ್ನೂ ಕೊಡಿಸಿದರು! ಕಪ್ಪೆಯ ಮದುವೆಯಿಂದ ಮಳೆ ಬರುವುದಿಲ್ಲ, ಮಳೆಯಿಂದ ಕಪ್ಪೆಯ ಮದುವೆ ಆಗುತ್ತದೆ. ಆದರೂ ಇವೆರಡಕ್ಕೂ ನಂಟುಂಟೆಂದು ಹಿಂದಿನವರು ಕಂಡುಕೊಂಡಿದ್ದರಲ್ಲ, ಆ ಮಟ್ಟಿಗೆ ಅವರಿಗೆ ನಮಸ್ಕಾರ. ಇಂಥ ಲಗ್ನಗಳಲ್ಲಿ ವಧುವೆಂದು ಕೂಡಿಸಿದ್ದು ವರನೇ ಆಗಿರುವ ಸಂಭವವೂ ಕಡಿಮೆಯಿಲ್ಲ. ಅದನ್ನು ತಿಳಿಯುವ ಉಪಾಯವಿದೆ. ಮಿಲನದ ಕಾಲದಲ್ಲಿ ಗಂಡಿನ ಮುಂಗಾಲಿನ ಒಳಬೆರಳಿನಲ್ಲಿ ಒರಟಾದ ಮೆತ್ತೆಯೊಂದು ಎದ್ದುಕಾಣುತ್ತದೆ. ಗಂಟಲ ಚರ್ಮವೂ ಸುಕ್ಕಾಗಿ, ಬಣ್ಣ ಬೇರೆಯಾಗಿರುತ್ತದೆ.

ಆ ಮೆತ್ತೆ ಇರುವುದೇ ಜಾರುವ ಬೆನ್ನನ್ನು ಬಿಗಿಯಾಗಿ ಹಿಡಿಯುವುದಕ್ಕೆ. ಗಂಡು ಹೆಣ್ಣಿನ ಬೆನ್ನೇರಿ, ಅದರ ಮುಂಗಾಲುಗಳ ಹಿಂದೆ ತೋಳು ಬಳಸಿ ಹಿಡಿಯುತ್ತದೆ. ಅವಸರದಲ್ಲಿ ಗಂಡೊಂದು ಇನ್ನೊಂದು ಗಂಡಿನ ಬೆನ್ನೇರುವುದೂ ಉಂಟು. ಆಗ ಕೆಳಗಿನದು ಬೇರೆಯೇ ಬಗೆಯ ದನಿಯಿಂದ ‘ಬಿಡು’ ಎಂದು ಗದರಿಸುತ್ತದೆ. ಮೇಲಿನದು ತಿಳಿದುಕೊಂಡು ಇಳಿಯುತ್ತದೆ. ಹೆಣ್ಣನ್ನೇ ಹಿಡಿದಿದ್ದರೆ ಗಂಟೆಗಟ್ಟಲೆ ಬಿಡುವುದಿಲ್ಲ. ಹೆಣ್ಣು ನೀರಿನಲ್ಲಿ ಅಂಡಗಳನ್ನು ಬಿಟ್ಟಂತೆ ಗಂಡು ಅವುಗಳ ಮೇಲೆ ವೀರ್ಯವನ್ನು ಸುರಿಸುತ್ತದೆ. ಗರ್ಭ ಕಟ್ಟುವುದು ತಾಯಿಯ ಒಡಲಿನಲ್ಲಲ್ಲ, ತಗ್ಗಿನ ನೀರಿನಲ್ಲಿ. ಆದುದರಿಂದಲೇ ನೀರಿಲ್ಲದೆ ಈ ಸಂಸಾರವಿಲ್ಲ.

ಈ ಸರಳ ಸತ್ಯವನ್ನು ಸಿದ್ಧಪಡಿಸಲು ಇಟಲಿಯ ಲಜ್ಜಾರೊ ಸ್ಪಲಾಂಜಾನಿ ಎಂಬ ಪಾದ್ರಿ ಹದಿನೆಂಟನೆಯ ಶತಮಾನದಲ್ಲಿ ಮಾಡಿದ ಪ್ರಯೋಗವನ್ನು ಓದಿದರೆ ನಗೆ ತಡೆಯದು. ಅವನು ಗಂಡು ಕಪ್ಪೆಗಳಿಗೆ ಮೇಣ ಸವರಿದ ಬಟ್ಟೆಯ ಪುಟ್ಟ ಚಡ್ಡಿಗಳನ್ನು ಹೊಲಿಸಿ ತೊಡಿಸಿದನು. ಚಡ್ಡಿ ತೊಟ್ಟ ಗಂಡುಗಳು ಎಂದಿನಂತೆ ಹೆಣ್ಣಿನ ಬೆನ್ನೇರಿದವು, ಹೆಣ್ಣುಗಳು ಮೊಟ್ಟೆಯಿಟ್ಟವು. ಆದರೆ ಒಂದು ಮೊಟ್ಟೆಯೂ ಮರಿಯಾಗಲಿಲ್ಲ. ಚಡ್ಡಿಯಲ್ಲಿ ಉಳಿದ ಹನಿಗಳನ್ನು ಬೇರೆ ಮೊಟ್ಟೆಗಳಿಗೆ ಸವರಿದಾಗ ಅವು ಬೆಳೆದವು. ಸಂತಾನಕ್ಕೆ ತಂದೆಯ ಪಾಲೂ ಬೇಕೆಂಬುದು ಹೀಗೆ ಕಪ್ಪೆಯ ಚಡ್ಡಿಯಿಂದ ರುಜುವಾಯಿತು. ಕಪ್ಪೆಯಿಂದ ಮನುಷ್ಯರ ಸಂಸಾರಕ್ಕೆ ಆದ ಇನ್ನೊಂದು ಉಪಕಾರವನ್ನೂ ಇಲ್ಲಿಯೇ ಹೇಳಿಬಿಡೋಣ. 1930ರ ದಶಕದಿಂದ 1960ರ ದಶಕದವರೆಗೆ ಹಲವು ದೇಶಗಳಲ್ಲಿ ಹೆಂಗಸು ಬಸುರಿಯೆ ಅಲ್ಲವೆ ಎಂಬುದನ್ನು ಕಪ್ಪೆಯಿಂದ ತಿಳಿಯುತ್ತಿದ್ದರು. ಬಸುರಿಯ ಮೂತ್ರವನ್ನು ಆಫ್ರಿಕದ ಒಂದು ಜಾತಿಯ ಹೆಣ್ಣು ಕಪ್ಪೆಗೆ ಚುಚ್ಚಿದರೆ ಅದು ಮರುದಿನದೊಳಗೆ ಮೊಟ್ಟೆಯಿಡುತ್ತಿತ್ತು.

ಇಟ್ಟ ಮೊಟ್ಟೆಗಳಿಗೆ ಕೋಳಿಯ ಮೊಟ್ಟೆಯಂತೆ ಚಿಪ್ಪಿಲ್ಲ. ಸುತ್ತಲಿನ ಲೋಳೆ ನೀರು ಕುಡಿದು ಉಬ್ಬಿ, ಒಂದೊಂದಕ್ಕೂ ಮೆತ್ತನೆಯ ಕವಚವಾಗುತ್ತದೆ. ನೆಲಗಪ್ಪೆ, ಎಂದರೆ ಮೈಮೇಲೆ ಗುಳ್ಳೆಗಳಿದ್ದು ದೀಪದ ಬುಡಕ್ಕೆ ಬಂದು ಕೂಡುವ ಆ ಗಂಭೀರ ಅತಿಥಿ, ತನ್ನ ಸಾವಿರಾರು ಮೊಟ್ಟೆಗಳನ್ನು ಕರಿಮಣಿಯ ಸರದಂತೆ ಉದ್ದಕ್ಕೆ ಪೋಣಿಸಿ ನೀರಿನೊಳಗಿನ ಕಡ್ಡಿಗಳಿಗೆ ಸುತ್ತುತ್ತದೆ. ಮನೆಯ ಬಚ್ಚಲಿಗೂ ಬರುವ ಮರಗಪ್ಪೆ ನೀರಿನ ಮೇಲಕ್ಕೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ನೊರೆಯ ಗೂಡು ಕಟ್ಟಿ ಅದರಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಹುಟ್ಟಿದ ಮೇಲೆ ನೊರೆ ಕರಗಿ, ಕೆಳಗಿನ ನೀರಿಗೆ ತೊಟ್ಟಿಕ್ಕುತ್ತವೆ. ನೊರೆಯನ್ನು ಯಾರೋ ಉಗುಳಿದ್ದೆಂದು ತಿಳಿದು ಒರೆಸಿಹಾಕುವ ಗೃಹಿಣಿಯರು ಇನ್ನು ಮುಂದೆ ಸ್ವಲ್ಪ ತಡೆಯಲಿ.

ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನಗಳಲ್ಲಿಯೇ ಮರಿಗಳು ಹೊರಬರುತ್ತವೆ. ಇವಕ್ಕೆ ಕನ್ನಡದಲ್ಲಿ ಗೊದಮೊಟ್ಟೆ ಎಂದು ಹೆಸರು. ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಬೇಡೂಕ ಎಂಬ ಶಬ್ದ ಪಾಠದಿಂದ ಬರುತ್ತದೆ, ಕಪ್ಪೆ ಎಂಬುದು ಮನೆಯಿಂದ ಬರುತ್ತದೆ. ಗೊದಮೊಟ್ಟೆ ಮಾತ್ರ ಎಲ್ಲಿಂದಲೂ ಬಾರದೆ ಉಳಿಯುತ್ತಿದೆ. ಅಜ್ಜಿಯರು ಇದನ್ನು ಗಮನಿಸಬೇಕು. ಗೊದಮೊಟ್ಟೆಗೆ ಕಾಲಿಲ್ಲ, ಬಾಲವಿದೆ. ಪುಪ್ಪುಸದಿಂದಲ್ಲ, ಮೀನಿನಂತೆ ಕಿವಿರಿನಿಂದ ಉಸಿರಾಡುತ್ತದೆ. ಹೆಚ್ಚಿನವು ಪಾಚಿಯನ್ನು ಕೆರೆದು ತಿನ್ನುವ ಸಸ್ಯಾಹಾರಿಗಳು. ಸೊಪ್ಪು ಅರಗಲು ಬೇಕಾದ ಉದ್ದನೆಯ ಕರುಳು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡು ಹೊಟ್ಟೆಯ ಚರ್ಮದ ಮೂಲಕ ಕಾಣುತ್ತದೆ. ಗೂಳಿಗಪ್ಪೆಯ ಮರಿಗಳದು ಮಾತ್ರ ಬೇರೆಯೇ ಸ್ವಭಾವ. ಅವು ಹುಟ್ಟಾ ಬೇಟೆಗಾರರು, ಉಳಿದ ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತವೆ. ಇದಕ್ಕೆ ತದ್ವಿರುದ್ಧವಾಗಿ ನೆಲಗಪ್ಪೆಯ ಕರಿಯ ಮರಿಗಳು ಗುಂಪುಕಟ್ಟಿ ತಿರುಗುತ್ತವೆ. ತಮ್ಮ ಒಡಹುಟ್ಟಿದವರನ್ನು ವಾಸನೆಯಿಂದ ಗುರುತಿಸಿ ಅವರ ಬಳಿಯೇ ಇರಬಯಸುತ್ತವೆಂಬುದನ್ನು ಮೇಲೆ ಹೇಳಿದ ಧಾರವಾಡದ ವಿದ್ವಾಂಸರೇ ಪ್ರಯೋಗಗಳಿಂದ ತೋರಿಸಿದರು. ತಂದೆತಾಯಿಯರ ಮುಖವನ್ನೇ ಕಾಣದ ಮಕ್ಕಳಿಗೆ ಅಣ್ಣತಮ್ಮಂದಿರ ಗುರುತಾದರೂ ಉಂಟೆಂದಾಯಿತು.

ಮುಂದೆ ನಡೆಯುವುದನ್ನು ಬೆಳವಣಿಗೆ ಎನ್ನುವುದಕ್ಕಿಂತ ಮರುಹುಟ್ಟು ಎನ್ನುವುದೇ ಸರಿ. ಮೊದಲು ಹಿಂಗಾಲು ಕಾಣಿಸಿಕೊಳ್ಳುತ್ತವೆ. ಆಮೇಲೆ ಮುಂಗಾಲುಗಳು ಚರ್ಮವನ್ನು ತೂರಿಕೊಂಡು ಒಮ್ಮೆಲೇ ಹೊರಬೀಳುತ್ತವೆ. ಬಾಲ ಕಡಿದು ಬೀಳುವುದಿಲ್ಲ, ಒಡಲೊಳಗೆ ಕರಗಿ ಆ ದಿನಗಳ ಆಹಾರವೇ ಆಗುತ್ತದೆ. ಬಾಯಿ ಸಂಪೂರ್ಣವಾಗಿ ಬದಲಾಗುವ ಆ ದಿನಗಳಲ್ಲಿ ಮರಿ ಉಣ್ಣಲಾರದು. ಕಿವಿರು ಅಳಿದು ಪುಪ್ಪುಸ ಕೆಲಸ ಆರಂಭಿಸುತ್ತದೆ. ಉದ್ದನೆಯ ಕರುಳು ಮೊಟಕಾಗಿ, ಸೊಪ್ಪು ತಿನ್ನುತ್ತಿದ್ದದ್ದು ಹುಳು ಹಿಡಿಯುವುದಾಗುತ್ತದೆ. ಈ ಎಲ್ಲಕ್ಕೂ ಅಪ್ಪಣೆ ಕೊಡುವುದು ಗಂಟಲಿನ ಥೈರಾಯ್ಡ್ ಗ್ರಂಥಿ. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಎಳೆಯ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡನ್ನು ತಿನ್ನಿಸಿದಾಗ ಅವು ಅಕಾಲದಲ್ಲಿಯೇ, ನೊಣದಷ್ಟು ಚಿಕ್ಕ ಕಪ್ಪೆಗಳಾಗಿಬಿಟ್ಟವು.

ಮಳೆತಗ್ಗಿನಲ್ಲಿ ಬೆಳೆಯುವ ನಮ್ಮ ಜಾತಿಗಳಿಗೆ ಮೊಟ್ಟೆಯಿಂದ ದಡ ಸೇರುವವರೆಗೆ ಸುಮಾರು ಒಂದರಿಂದ ಒಂದೂವರೆ ತಿಂಗಳು ಬೇಕು. ಅಷ್ಟು ದಿನ ತಗ್ಗಿನಲ್ಲಿ ನೀರಿರಬೇಕು. ಇದೊಂದೇ ಕರಾರು. ಆದರೆ ನಮ್ಮ ಮಳೆ ಕರಾರಿಗೆ ಬದ್ಧವಾದುದೆ? ಮೃಗಶಿರೆಯಲ್ಲಿ ಸುರಿದು ಆರಿದ್ರೆಯಲ್ಲಿ ಮುಖ ತಿರುಗಿಸಿದರೆ ರೈತ ಎರಡನೆಯ ಬಿತ್ತನೆಗೆ ಬೀಜ ಹುಡುಕುತ್ತಾನೆ. ತಗ್ಗಿನಲ್ಲಿ ಗೊದಮೊಟ್ಟೆಗಳು ದಿನದಿನಕ್ಕೆ ಕಿರಿದಾಗುವ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ಅಮೆರಿಕದ ಮರುಭೂಮಿಯ ಕಪ್ಪೆಗಳಲ್ಲಿ ಕಂಡುಬಂದ ಸಂಗತಿ ಇಲ್ಲಿ ನೆನೆಯತಕ್ಕದ್ದು. ನೀರು ಇಳಿಯತೊಡಗಿದರೆ ಗೊದಮೊಟ್ಟೆಯ ಮೆದುಳಿನಿಂದ ಒತ್ತಡದ ಹಾರ್ಮೋನು ಹೊರಟು, ಥೈರಾಯ್ಡನ್ನು ಎಬ್ಬಿಸಿ, ರೂಪಾಂತರವನ್ನು ಅವಸರಿಸುತ್ತದೆ. ನೀರು ಬತ್ತುವ ಮೊದಲೇ ಮರಿ ಕಾಲು ಮೂಡಿಸಿಕೊಂಡು ದಡಕ್ಕೆ ನೆಗೆಯುತ್ತದೆ. ಅದಕ್ಕೆ ತೆರುವ ಬೆಲೆ, ದೇಹ ಚಿಕ್ಕದಾಗುವುದು. ಚಿಕ್ಕದಾಗಿ ಹೊರಬಿದ್ದ ಮರಿಕಪ್ಪೆ ಬೇಗ ಒಣಗುತ್ತದೆ, ಬೇಗ ಯಾರದೋ ಬಾಯಿಗೆ ಬೀಳುತ್ತದೆ. ದೊಡ್ಡದಾಗಲು ಕಾದರೆ ಕೆಸರಿನಲ್ಲಿ ಸಾವು. ಅವಸರಿಸಿದರೆ ದಡದಲ್ಲಿ ಅಪಾಯ. ಸಾವಿರಾರು ಮೊಟ್ಟೆಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಪ್ಪೆಗಳಾಗಿ ಮುಂದಿನ ಮಳೆ ಕಾಣುವುದು ಇದರಿಂದಲೇ.

ಕಪ್ಪೆ ಹೆಸರಿನ ಕುಲವೆಲ್ಲ ಹೀಗೆಯೇ ತಗ್ಗಿನ ಹಂಗಿನಲ್ಲಿದೆಯೆಂದು ತಿಳಿಯಬೇಕಿಲ್ಲ. ಹೆಸರಿನಲ್ಲಿ ನಮ್ಮ ಶಿರಸಿಗೆ ಅಣ್ಣನಂತಿರುವ ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಕಡೆ ಮಳೆಯೂ ಹೇರಳ, ಕಾಡೂ ಹೇರಳ. ಅದೇ ಜಿಲ್ಲೆಯ ಕತ್ತಲೆಕಾನಿನ ತೊರೆಗಳಲ್ಲಿ ವಾಸಿಸುವ ಒಂದು ಕಪ್ಪೆಗೆ ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ‘ಕುಂಬಾರ’ ಎಂದು ನಾಮಕರಣ ಮಾಡಿದರು. ಶಾಸ್ತ್ರೀಯ ಹೆಸರಿನಲ್ಲಿಯೂ ಈ ಕನ್ನಡ ಶಬ್ದವೇ ಇದೆ. ದಂಪತಿಗಳು ಮುಂಗಾಲೂರಿ ತಲೆಕೆಳಗಾಗಿ ನಿಂತು, ತೊರೆಯ ನೀರಿಗಿಂತ ಮೇಲಿರುವ ಕಡ್ಡಿಗೆ ಮೊಟ್ಟೆಗಳನ್ನು ಅಂಟಿಸುತ್ತವೆ. ಹೆಣ್ಣು ಹೊರಟುಹೋದ ಮೇಲೆ ಗಂಡು ತೊರೆಯ ತಳದ ಮಣ್ಣನ್ನು ಕೈಯಲ್ಲಿ ಬಾಚಿ ತಂದು, ಗಡಿಗೆಗೆ ಮಣ್ಣು ಮೆತ್ತುವಂತೆ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಂತೂ ತಗ್ಗಿನ ಗೊಡವೆಯನ್ನೇ ಬಿಟ್ಟಿವೆ. ಅವುಗಳ ಮೊಟ್ಟೆಯೊಳಗೇ ಗೊದಮೊಟ್ಟೆಯ ಹಂತವೆಲ್ಲ ಮುಗಿದು, ಪುಟ್ಟ ಕಪ್ಪೆಯೇ ಹೊರಬರುತ್ತದೆ. ಈ ಪೊದೆಗಪ್ಪೆಗಳ ಕುಲಕ್ಕೆ 2010ರಲ್ಲಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಆ ಹೆಸರಿನ ಮೊದಲಲ್ಲಿ ಇರುವ ರಾವ್ ಯಾರೆಂದರೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ನೆಲೆಗೊಳಿಸಿ, ದಕ್ಷಿಣ ಭಾರತದ ಕಪ್ಪೆಗಳನ್ನು ಅಭ್ಯಸಿಸಿ, 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾಗಿದ್ದ ಸಿ. ಆರ್. ನಾರಾಯಣರಾವ್ (1882–1960).

ಹೊರದೇಶಗಳಲ್ಲಿ ಇನ್ನೂ ವಿಚಿತ್ರಗಳಿವೆ. ದಕ್ಷಿಣ ಅಮೆರಿಕದ ಪೀಪಾ ಎಂಬ ಕಪ್ಪೆಯ ತಾಯಿ ಬೆನ್ನಿನ ಚರ್ಮದ ಕುಳಿಗಳಲ್ಲಿ ಮೊಟ್ಟೆಗಳನ್ನು ಹೊತ್ತು ಮರಿ ಮಾಡುತ್ತದೆ. ಆಸ್ಟ್ರೇಲಿಯದ ಒಂದು ಕಪ್ಪೆ ಮೊಟ್ಟೆಗಳನ್ನು ನುಂಗಿ, ಜಠರದಲ್ಲಿಯೇ ಬೆಳೆಸಿ, ಬಾಯಿಯಿಂದ ಮರಿಗಳನ್ನು ಹೊರಬಿಡುತ್ತಿತ್ತು. ವಿಜ್ಞಾನಕ್ಕೆ ಅದರ ಪರಿಚಯವಾದದ್ದು 1973ರಲ್ಲಿ. 1981ರ ನಂತರ ಕಾಡಿನಲ್ಲಿ ಅದನ್ನು ಕಂಡವರಿಲ್ಲ.

ಶೃಂಗೇರಿಗೆ ಹೋದ ವಾಚಕರು ತುಂಗೆಯ ದಡದ ಕಪ್ಪೆಶಂಕರನ ಗುಡಿಯನ್ನು ಕಂಡಿರಬಹುದು. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಸರ್ಪವು ಹೆಡೆಯೆತ್ತಿ ನೆರಳು ಮಾಡಿದ್ದನ್ನು ಶಂಕರಾಚಾರ್ಯರು ಕಂಡರೆಂಬುದು ಅಲ್ಲಿಯ ಐತಿಹ್ಯ. ಕಪ್ಪೆ ಹೆರುವುದಿಲ್ಲ, ಮೊಟ್ಟೆಯಿಡುತ್ತದೆ ಎಂದು ಆಕ್ಷೇಪಿಸುವ ಪಂಡಿತರಿಗೆ ನಮ್ಮ ಉತ್ತರ ಇಷ್ಟೆ. ಹೆರುವ ಕಪ್ಪೆಯೂ ಲೋಕದಲ್ಲಿದೆ. ಇಂಡೊನೇಶಿಯದ ಸುಲಾವೆಸಿ ದ್ವೀಪದ ಒಂದು ಜಾತಿ ಗೊದಮೊಟ್ಟೆಗಳನ್ನೇ ಹೆರುತ್ತದೆಂದು 2014ರಲ್ಲಿ ಪ್ರಕಟವಾಯಿತು. ಅಲ್ಲದೆ ಆ ಕಥೆ ಮುಖ್ಯ ವಿಷಯದಲ್ಲಿ ತಪ್ಪಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ, ಆ ಚರ್ಮ ಸದಾ ಒದ್ದೆಯಾಗಿರಬೇಕು. ಮೊಟ್ಟೆ ತುಂಬಿದ ಹೆಣ್ಣಿಗೆ ಸುಡುಬಿಸಿಲಿನಲ್ಲಿ ಬೇಕಾದದ್ದು ನೆರಳೇ.

ಈಗ ನಮ್ಮ ಊರುಗಳ ತಗ್ಗುಗಳಿಗೆ ಮರಳೋಣ. ತೆರೆದ ಬಾವಿಗಳಿದ್ದ ಕಾಲಕ್ಕೆ, ಬೇಸಿಗೆಯಲ್ಲಿಯೂ ಅವುಗಳ ತಳದಲ್ಲಿ ನೀರುಗಪ್ಪೆಗಳಿರುತ್ತಿದ್ದವು. ಕೊಳವೆಬಾವಿಗೆ ಕಪ್ಪೆ ಇಳಿಯಲಾರದು. ಊರ ಹೊರಗಿನ ತಗ್ಗುಗಳನ್ನು ಮುರುಮು ಹಾಕಿ ತುಂಬಿ ನಿವೇಶನ ಮಾಡುತ್ತಿದ್ದೇವೆ. ಮರಾಠಿಯಲ್ಲಿ ಶೇತತಳೆ, ಗಡಿಯಾಚೆ ಕೃಷಿಹೊಂಡ ಎನ್ನುವ ಹೊಸ ಹೊಂಡಗಳು ಬಂದಿವೆ ನಿಜ. ಆದರೆ ಪ್ಲಾಸ್ಟಿಕ್ ಹಾಸಿದ, ಕಡಿದಾದ, ನುಣುಪಾದ ಆ ಗೋಡೆಯನ್ನು ಆಗತಾನೆ ಕಾಲು ಮೂಡಿದ ಮರಿ ಹತ್ತಲಾರದು. ಒಂದು ಹಳೆಯ ಗೋಣಿಚೀಲವನ್ನೋ ಹಗ್ಗ ಕಟ್ಟಿದ ಟೊಂಗೆಯನ್ನೋ ದಡದಿಂದ ನೀರಿಗೆ ಇಳಿಬಿಟ್ಟರೆ ಮರಿಗಳಿಗೆ ಏಣಿಯಾಗುತ್ತದೆ. ಖರ್ಚಿಲ್ಲದ ಕೆಲಸ, ಬಿದ್ದ ಅಳಿಲು, ಓತಿಗಳಿಗೂ ಅದೇ ದಾರಿ.

ಬತ್ತದೆ ಉಳಿದ ತಗ್ಗಿಗೂ ಹೊಲದ ಔಷಧಗಳು ಹರಿದುಬರುತ್ತವೆ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲವೆಂದೆವಲ್ಲ. ನೀರಿನಲ್ಲಿ ಕರಗಿದ್ದೆಲ್ಲ ನೇರವಾಗಿ ಎಳೆಜೀವವನ್ನು ಮುಟ್ಟುತ್ತದೆ. ಮೆಕ್ಕೆಜೋಳದ ಹೊಲಗಳಲ್ಲಿ ಬಳಸುವ ಅಟ್ರಜಿನ್ ಎಂಬ ಕಳೆನಾಶಕ ಗಂಡು ಕಪ್ಪೆಗಳನ್ನು ಹೆಣ್ಣಿನಂತಾಗಿಸುತ್ತದೆಂದು ಅಮೆರಿಕದ ಟೈರೋನ್ ಹೇಯ್ಸ್ 2002ರಲ್ಲಿಯೂ, ಕೆಲವು ಗಂಡುಗಳು ಮೊಟ್ಟೆಯನ್ನೇ ಇಟ್ಟವೆಂದು 2010ರಲ್ಲಿಯೂ ಪ್ರಕಟಿಸಿದರು. ತಯಾರಕರು ಇದನ್ನು ಒಪ್ಪದೆ ವಾದ ಬೆಳೆಯಿತು. ವಾದ ಮುಗಿಯುವವರೆಗೆ ಸಿಂಪಡಿಸುವ ಡಬ್ಬಿಯನ್ನು ತಗ್ಗಿನ ನೀರಿನಲ್ಲಿ ತೊಳೆಯದಿರುವುದಕ್ಕೆ ನಮಗೇನೂ ಅಡ್ಡಿಯಿಲ್ಲ. ಕಪ್ಪೆ ಹೋದರೆ ಹೋಗುವುದೇನೆಂಬುದನ್ನು ದೇಶ ಒಮ್ಮೆ ಅರಿತಿದೆ. 1980ರ ದಶಕದಲ್ಲಿ ಭಾರತದಿಂದ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲು ಪರದೇಶಗಳ ಊಟದ ಮೇಜಿಗೆ ಹೋಗುತ್ತಿತ್ತು. ಅದರಲ್ಲಿ ಬಹುಪಾಲು ನಮ್ಮ ಗೂಳಿಗಪ್ಪೆಯದೇ. ಗದ್ದೆಗಳಲ್ಲಿ ಕೀಟ ತಿನ್ನುವವರು ಇಲ್ಲವಾಗುತ್ತಾರೆಂಬ ಕೂಗು ಎದ್ದು, 1987ರಲ್ಲಿ ಸರಕಾರ ಈ ರಫ್ತನ್ನು ನಿಷೇಧಿಸಿತು.

ಮಕ್ಕಳ ಪ್ರಶ್ನೆಗೆ ಈಗ ತಾಯಂದಿರು ಹೇಳಬಹುದು: ಮೇಲಿರುವುದು ಅಪ್ಪ, ಕೆಳಗಿರುವುದು ಅವ್ವ, ಮಕ್ಕಳು ಇನ್ನು ಹುಟ್ಟಬೇಕು. ಅಷ್ಟಕ್ಕೇ ಬಿಡದೆ ಒಂದು ಹಳೆಯ ನೋಟುಬುಕ್ಕು ಕೊಟ್ಟು ತಗ್ಗಿನ ದಡಕ್ಕೆ ಕಳಿಸಿರಿ. ಗೊದಮೊಟ್ಟೆಗಳನ್ನು ಬಾಟಲಿಯಲ್ಲಿ ತುಂಬಿ ಮನೆಗೆ ತರುವುದು ಬೇಡ. ಮುಂಗಾಲು ಮೂಡಿದ ಮರಿಗೆ ಹತ್ತಿ ಕೂಡಲು ಕಲ್ಲು ಸಿಗದಿದ್ದರೆ ಅದು ನೀರಿನಲ್ಲಿಯೇ ಮುಳುಗಿ ಸಾಯುತ್ತದೆ. ದೊಡ್ಡ ಮಳೆ ಬಿದ್ದ ದಿನ, ಕೂಗು ಕೇಳಿದ ರಾತ್ರಿ, ಮೊಟ್ಟೆಯ ಸರ ಕಂಡ ಬೆಳಗು, ಹಿಂಗಾಲು ಮೂಡಿದ ದಿನ, ಮರಿಗಳು ದಡಕ್ಕೆ ಹತ್ತಿದ ದಿನ, ಇಷ್ಟನ್ನು ಬರೆಯಲಿ. ಜೊತೆಗೆ ಒಂದು ಕಡ್ಡಿ ನೆಟ್ಟು, ನೀರು ದಿನಕ್ಕೆ ಎಷ್ಟು ಬೆರಳು ಇಳಿಯಿತೆಂದು ಗುರುತು ಹಾಕಲಿ. ಈ ಮಳೆಗಾಲ ಮುಗಿದ ಮೇಲೆ, ಯಾವ ಊರಿನ ಯಾವ ತಗ್ಗಿನಲ್ಲಿ ನೀರು ಎಷ್ಟು ದಿನ ನಿಂತಿತು, ಅದರಲ್ಲಿ ಮರಿಗಳು ದಡ ಸೇರಿದವೆ ಇಲ್ಲವೆ ಎಂಬುದನ್ನು ಬಾಲವಾಚಕರು ನಮಗೆ ಕಾಗದ ಬರೆದು ತಿಳಿಸಲಿ. ದಸರೆಯ ಹೊತ್ತಿಗೆ ಬಂದ ಕಾಗದಗಳನ್ನೆಲ್ಲ ಊರಿನ ಹೆಸರಿನೊಡನೆ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.